ಪದ ಬೇಕು: ‘ಪ್ರಾಡಕ್ಟ್ ಲಯಬಿಲಿಟಿ’ (ಬೋರ್ಡಿಗೆ, ತುರ್ತು)

ವೀ., ರಾಜಾಜಿನಗರ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಗ್ರಾಹಕ ವೇದಿಕೆಗೆ ಬೋರ್ಡು ಬರೆಸಬೇಕು, ಪೇಂಟರ್ ಸಂಜೆ ಬರ್ತಾನೆ. ಕುಕ್ಕರ್ ಸಿಡಿದು, ಗೀಸರ್ ಶಾಕ್ ಹೊಡೆದು, ಸ್ಕೂಟರ್ ಬ್ಯಾಟರಿ ಹೊತ್ತಿಕೊಂಡು ಪೆಟ್ಟು ತಿಂದವರಿಗೆ ಕಂಪನಿ ಮೇಲೆ ದೂರು ಹಾಕಲು ನೆರವು ಕೊಡ್ತೀವಿ. ಇಷ್ಟನ್ನು ಒಂದು ಸಾಲಿನಲ್ಲಿ ಹೇಳೋದು ಹೇಗೆ? ‘ದೋಷ’, ‘ಪರಿಹಾರ’ ಎರಡನ್ನೂ ಹಾಕಿದರೆ ಜನ ಜಾತಕ ಹಿಡ್ಕೊಂಡು ಬರ್ತಾರೆ.

ಕೆ.ಎಸ್., ಮಲ್ಲೇಶ್ವರ:
‘ಉತ್ಪನ್ನ ಹೊಣೆಗಾರಿಕೆ’. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 6ನೇ ಅಧ್ಯಾಯ ಪೂರ್ತಿ ಇದರದ್ದೇ. ‘ಹೊಣೆ’ ಹಳಗನ್ನಡದ ‘ಪೊಣೆ’, ತಮಿಳಿನ ‘ಪುಣೈ’ಗೆ ಒಡಹುಟ್ಟು, ಜಾಮೀನು ನಿಲ್ಲುವುದು ಅಂತಲೇ ಅರ್ಥ. ಇಂಥ ಪದ ಮನೆಯಲ್ಲಿರುವಾಗ ‘ಜವಾಬ್ದಾರಿ’ ಯಾಕೆ?

ನಾ., ಬಸವನಗುಡಿ:
‘ಗಾರ’ ಎಲ್ಲಿಯದು ಸ್ವಾಮಿ? ಸಂಸ್ಕೃತದ ‘ಕಾರ’. ‘ಉತ್ಪನ್ನ’ವಂತೂ ಬೇಡವೇ ಬೇಡ. ‘ಕುಂದುಸರಕಿನ ಹೊಣೆ’, ಮುಗೀತು. ಪೆಟ್ಟು ತಿಂದವರಿಗೆ ‘ಗಾಯಾಳು’ ಇದೆ: ಗಾಯ, ಆಳು, ಎರಡೂ ಅಪ್ಪಟ ಕನ್ನಡ.

ಕೆ.ಎಸ್.:
ಹಾಗಾದರೆ ‘ದಯಾಳು’ ಯಾರ ಮನೆ ಆಳು? ‘ಗಾಯ’ವೇ ‘ಘಾತ’ದ ತದ್ಭವ. ನಿಘಂಟು ತೆಗೆದು ನೋಡಿ ಬರೆಯಿರಿ.

ಶ., ಶಾಂತಿನಗರ:
ವೀ. ಮೇಡಂ, ಜಗಳ ಅವರವರದ್ದು. ‘ಕುಂದು’, ‘ಕೊರತೆ’, ‘ನ್ಯೂನತೆ’ ಮಾತ್ರ ಬರೆಸಬೇಡಿ. ದೂರು ಕೇಳುವ ಗ್ರಾಹಕ ಆಯೋಗದಲ್ಲಿ ವಸ್ತುವಿಗೆ ‘ದೋಷ’, ಸೇವೆಗೆ ‘ನ್ಯೂನತೆ’. ಕಾಯ್ದೆಯಲ್ಲೂ ಎರಡಕ್ಕೆ ಬೇರೆಬೇರೆ ವ್ಯಾಖ್ಯೆ. ಆವಿ ಕಟ್ಟಿಕೊಂಡರೂ ಸೇಫ್ಟಿ ವಾಲ್ವ್ ಬಿಟ್ಟುಕೊಡದೆ ಕುಕ್ಕರ್ ಸಿಡಿದರೆ ದೋಷ. ರಿಪೇರಿಯವನು ಗ್ಯಾಸ್ಕೆಟ್ ತಪ್ಪಾಗಿ ಕೂರಿಸಿದ್ದರೆ ನ್ಯೂನತೆ. ದೋಷ ತಯಾರಿಕೆಯಲ್ಲೇ ಇರಬೇಕೆಂದಿಲ್ಲ. ವಿನ್ಯಾಸ ಸರಿಯಿಲ್ಲದಿದ್ದರೂ, ಅಪಾಯದ ಎಚ್ಚರಿಕೆ ಬರೆಯದಿದ್ದರೂ ತಯಾರಕ ಸಿಕ್ಕಿಬೀಳುತ್ತಾನೆ (ಕಲಂ 84). ಅಂಗಡಿಯವನ ಹೊಣೆ ಕಲಂ 86ರಲ್ಲಿ. ಇನ್ನು ‘ಹಾನಿ’: ಕೈ ಸುಟ್ಟದ್ದು, ಅಡುಗೆಮನೆ ಕಿಟಕಿ ಒಡೆದದ್ದು ಈ ಅಧ್ಯಾಯದ ಹಾನಿ. ಕುಕ್ಕರ್ ಚೂರಾದದ್ದು ಅಲ್ಲ, ಅದನ್ನು ದೋಷದ ದೂರಿನಲ್ಲಿ ಬೇರೆಯಾಗಿ ಕೇಳಬೇಕು.

ಬೋರ್ಡಿನಲ್ಲಿ ಜಾಗ ಉಳಿದರೆ ‘ಒಡೆದ ವಸ್ತು ಗುಜರಿಗೆ ಹಾಕಬೇಡಿ, ಬಿಲ್ ಇಟ್ಟುಕೊಳ್ಳಿ, 2 ವರ್ಷದೊಳಗೆ ಬನ್ನಿ’ ಅಂತ ಹಾಕಿಸಿ. ನಮ್ಮಲ್ಲಿಗೆ ಬರುವ ಹೆಚ್ಚಿನವರು ಸಾಕ್ಷಿಯನ್ನೇ ತೂಕಕ್ಕೆ ಹಾಕಿ ಬಂದಿರುತ್ತಾರೆ. ವಕೀಲರ ಹೆಸರು ಬೇಡ. ಇಂಥ ಕೇಸಿನಲ್ಲಿ ಪರಿಣತರು ಅಂತ ಫಲಕ ಹಾಕಿಕೊಳ್ಳೋದನ್ನು ಬಾರ್ ಕೌನ್ಸಿಲ್‌ನ 36ನೇ ನಿಯಮ ಒಪ್ಪಲ್ಲ.

ನಾ.:
ಆಯೋಗದವರ ಕನ್ನಡ ನಮಗೆ ಪ್ರಮಾಣವಲ್ಲ. ಇಂಗ್ಲಿಷನ್ನು ಸಂಸ್ಕೃತದಲ್ಲಿ ಅದ್ದಿ ತೆಗೆದು ಕನ್ನಡ ಅಂತ ಒಣಗಲು ಹಾಕುವವರು ಅವರು. ‘ಕಾನೂನು’ ಕೂಡ ಬೇಡ, ‘ಕಟ್ಟಲೆ’ ಇದೆ.

ಕೆ.ಎಸ್.:
ಕೈ ಸುಟ್ಟುಕೊಂಡವರು ‘ಕಟ್ಟಲೆ ನೆರವು’ ಓದಿ ಮಠಕ್ಕೆ ಹೋದಾರು. ‘ಕಾನೂನು’ ಗ್ರೀಕಿನಿಂದ ಅರಬ್ಬಿಗೆ ಹೋಗಿ, ಪಾರಸಿ ಹಾದು ನಮ್ಮ ಪೇಟೆಗೆ ಬಂದದ್ದು. ಅದಕ್ಕೇನು ಈಗ? ವಕೀಲ, ಅಮೀನ, ಜಪ್ತಿ, ತಕರಾರು ಎಲ್ಲ ತೆಗೆದರೆ ಕೋರ್ಟಿನಲ್ಲಿ ಉಳಿಯೋದು ಬೆಂಚೊಂದೇ, ಅದೂ ಇಂಗ್ಲಿಷು.

ನಾ.:
ಎರವಲು ತಂದದ್ದೆಲ್ಲ ಆಸ್ತಿಯಲ್ಲ. ನಿಮ್ಮಂಥವರಿಂದಲೇ ಕನ್ನಡಕ್ಕೆ ಈ ಗತಿ.

ವೀ.:
ಪೇಂಟರ್ ಬಂದಾಯ್ತು. ದೊಡ್ಡಕ್ಷರದಲ್ಲಿ ‘ಕೆಟ್ಟ ಸಾಮಾನಿನಿಂದ ಪೆಟ್ಟಾಯಿತೇ? ಉಚಿತ ಕಾನೂನು ನೆರವು’, ಕೆಳಗೆ ಸಣ್ಣದಾಗಿ ‘ಉತ್ಪನ್ನ ಹೊಣೆಗಾರಿಕೆ’. ಶ. ಅವರ ಗುಜರಿ ಸಾಲೂ ಇದೆ. ಧನ್ಯವಾದ.

ನಾ.:
‘ಸಾಮಾನು’ ಪಾರಸಿ. ‘ಉಚಿತ’ ಸಂಸ್ಕೃತ. ‘ಬಿಟ್ಟಿ’ ಅನ್ನಬಹುದಿತ್ತು.

ಕೆ.ಎಸ್.:
‘ವಿಷ್ಟಿ’ಯ ತದ್ಭವ.