ಸಹಾಯ ಬೇಕು: 2020ರ ಹಕ್ಕಿ ಟಿಪ್ಪಣಿಗಳನ್ನು ಇ-ಬರ್ಡ್‌ಗೆ ಸೇರಿಸುವ ಬಗ್ಗೆ

ಸದಸ್ಯರೆಲ್ಲರಿಗೂ ನಮಸ್ಕಾರ.

ನಾನೂ ನನ್ನ ಪತ್ನಿಯೂ ನಿವೃತ್ತರು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಜಾಗತಿಕ ಸಾಂಕ್ರಾಮಿಕವೆಂದು ಘೋಷಿಸಿದ ಬಳಿಕ ಮಕ್ಕಳು, ಮೊಮ್ಮಕ್ಕಳು ಬರುವುದು ನಿಂತುಹೋಗಿ ಮನೆ ಬಿಕೋ ಎನ್ನುತ್ತಿದ್ದ ದಿನಗಳಲ್ಲಿ, ನಾವಿಬ್ಬರೂ ಮೊದಲು ಮಹಡಿಯ ಮೇಲಿನಿಂದ, ನಿರ್ಬಂಧಗಳು ಸಡಿಲವಾದ ಮೇಲೆ ಕೆರೆಯ ದಂಡೆಯಲ್ಲಿ ನಡೆಯುತ್ತಾ, ಹಕ್ಕಿಗಳನ್ನು ನೋಡಿ ಬರೆದಿಡಲು ಆರಂಭಿಸಿದೆವು. ಸಂಜೆಯ ವಿಡಿಯೊ ಕರೆಯಲ್ಲಿ ಮೊಮ್ಮಗಳು “ಅಜ್ಜ, ಇವತ್ತು ಎಷ್ಟು ಹಕ್ಕಿ?” ಎಂದು ಕೇಳದೆ ಮಾತು ಮುಗಿಸುತ್ತಿರಲಿಲ್ಲ, ಆ ವರ್ಷ ನಮ್ಮೆಲ್ಲರನ್ನೂ ಹತ್ತಿರವಿಟ್ಟದ್ದು ಆ ಪ್ರಶ್ನೆಯೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹೀಗೆ ತುಂಬಿದ ಮೂರು ನೋಟುಪುಸ್ತಕಗಳನ್ನು, ಹಕ್ಕಿ ವೀಕ್ಷಣೆಗಳನ್ನು ದಾಖಲಿಸುವ ಜಾಲತಾಣವಾದ ಇ-ಬರ್ಡ್‌ಗೆ ಸೇರಿಸಬೇಕೆಂದಿದ್ದೇವೆ. ದಿನಾಂಕ ಮತ್ತು ಸ್ಥಳ ಪ್ರತಿ ಪುಟದಲ್ಲೂ ಇವೆ; ಆದರೆ ಅನೇಕ ಕಡೆ ಆರಂಭದ ಸಮಯವಾಗಲಿ, ನಡೆದ ದೂರವಾಗಲಿ ಇಲ್ಲ. ಅಂಥ ಪಟ್ಟಿಗಳನ್ನು ‘ಹಿಸ್ಟಾರಿಕಲ್’ ವಿಭಾಗದಲ್ಲಿ ಹಾಕಬೇಕೆಂದೂ, ಸಂಖ್ಯೆ ಗೊತ್ತಿಲ್ಲದ ಹಕ್ಕಿಯ ಮುಂದೆ ‘ಎಕ್ಸ್’ ಎಂದು ನಮೂದಿಸಬಹುದೆಂದೂ ತಿಳಿದುಕೊಂಡಿದ್ದೇನೆ. ಊಹೆಯ ಸಮಯ ಬರೆದು ದಾಖಲೆಯನ್ನು ಕೆಡಿಸಲು ನನಗೆ ಮನಸ್ಸಿಲ್ಲ.

ನನ್ನ ಗೊಂದಲವಿರುವುದು ಮಹಡಿಯ ಪಟ್ಟಿಗಳಲ್ಲಿ. ಒಂದೇ ದಿನ ಐದಾರು ಬಾರಿ, ಮನೆಗೆಲಸದ ನಡುವೆ ಕಣ್ಣಿಗೆ ಬಿದ್ದ ಹಕ್ಕಿಗಳನ್ನೆಲ್ಲ ಒಟ್ಟಿಗೆ ಬರೆದಿದ್ದೇವೆ. ಇವನ್ನು ‘ಇನ್ಸಿಡೆಂಟಲ್’ (ಬೇರೆ ಕೆಲಸದ ನಡುವೆ ಅಕಸ್ಮಾತ್ ಕಂಡದ್ದು) ಎಂದು ಪರಿಗಣಿಸಬೇಕೆ, ‘ಹಿಸ್ಟಾರಿಕಲ್’ ಎಂದೇ ಹಾಕಬೇಕೆ? ಹಾಗೆಯೇ, ಪತ್ನಿಯೊಬ್ಬರೇ ಕಂಡದ್ದನ್ನು ಅವರ ಖಾತೆಯಲ್ಲಿ ಹಾಕಿ, ಜೊತೆಯಾಗಿ ಕಂಡ ಪಟ್ಟಿಗಳನ್ನು ಮಾತ್ರ ಪರಸ್ಪರ ಹಂಚಿಕೊಳ್ಳುವುದು ಸರಿಯೆ? ಹಳೆಯ ಟಿಪ್ಪಣಿಗಳನ್ನು ಸೇರಿಸಿದ ಅನುಭವವಿರುವವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.