ಸಹಾಯ ಬೇಕು: ತಾತನ ಹಳೇ ಪಿಟೀಲಿನ ಮೇಲ್ಹಲಗೆ ಬಿಟ್ಟುಕೊಂಡಿದೆ

ಎಲ್ಲರಿಗೂ ನಮಸ್ಕಾರ. ನಮ್ಮ ತಾತ ನುಡಿಸುತ್ತಿದ್ದ ಪಿಟೀಲು 30 ವರ್ಷ ಅಟ್ಟದ ಮೇಲಿತ್ತು. ಮೊನ್ನೆ ಇಳಿಸಿ ನೋಡಿದರೆ, ಗಲ್ಲ ಇಡುವ ಕಡೆ ಮೇಲ್ಹಲಗೆ ಬಿಟ್ಟುಕೊಂಡಿದೆ. ಉಗುರು ತೂರುವಷ್ಟು ಸಂದು. ಸೌಂಡ್ ಪೋಸ್ಟ್ (ಒಳಗೆ ಮೇಲ್ಹಲಗೆಗೂ ಹಿಂಬದಿಗೂ ನಡುವೆ ನಿಲ್ಲಿಸಿರುವ ಪುಟ್ಟ ಮರದ ಕಡ್ಡಿ) ಕೂಡ ಬಿದ್ದು ಒಳಗೆ ಉರುಳಾಡುತ್ತಿದೆ.

ಒಳಗಿನ ಚೀಟಿಯಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯಸ್ ಹೆಸರಿದೆ, ಕೆಳಗೆ 'ಮೇಡ್ ಇನ್ ಜರ್ಮನಿ' ಅಂತಿದೆ. ಜರ್ಮನಿಯಲ್ಲಿ ತಯಾರಾದ ಸಾವಿರಾರು ಪಿಟೀಲುಗಳಲ್ಲಿ ಇಂಥ ಚೀಟಿ ಇರುತ್ತದೆ, ಗೊತ್ತು. ನಾನು ಬೆಲೆ ಕೇಳುತ್ತಿಲ್ಲ. ಆದರೆ ಕೆಲಸ ಚೆನ್ನಾಗಿದೆ. ಮೇಲ್ಹಲಗೆ ನೇರ ಎಳೆಯ ಸ್ಪ್ರೂಸ್ ಮರದ್ದು. ಹಿಂಬದಿ ಮೇಪಲ್, ಬೆಳಕಿಗೆ ಹಿಡಿದು ಓರೆ ಮಾಡಿದರೆ ಹುಲಿಪಟ್ಟೆ ಹಾಗೆ ಮಿನುಗುತ್ತದೆ. ಅಂಚಿನ ಕಪ್ಪು ಗೆರೆ ಬಣ್ಣದ್ದಲ್ಲ, ಕೊರೆದು ಮರದ ಪಟ್ಟಿ ಕೂರಿಸಿದ್ದು. ಅಂಚಿನ ಬಿರುಕು ಒಳಗೆ ಹರಿಯದ ಹಾಗೆ ತಡೆಯುವುದು ಅದೇ ಅಲ್ವಾ?

ಪಕ್ಕದ ಬೀದಿಯ ಬಡಗಿ ಬಿಳಿ ಅಂಟು ಹಾಕಿಕೊಡುತ್ತೇನೆ ಅಂದರು. ಬೇಡ ಅಂದೆ. ಪಿಟೀಲಿಗೆ ಪ್ರಾಣಿ ಚರ್ಮದಿಂದ ಮಾಡಿದ ಅಂಟೇ ಆಗಬೇಕು, ಮುಂದೆ ಬಿಚ್ಚಬೇಕಾದರೆ ಬಿಸಿ, ತೇವಕ್ಕೆ ಬಿಡುತ್ತದೆ. ಮೈಸೂರು ಅಥವಾ ಬೆಂಗಳೂರಿನಲ್ಲಿ ಈ ಅಂಟು ಬಳಸಿ ರಿಪೇರಿ ಮಾಡುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ತಂತಿಗಳನ್ನು ಪೂರ್ತಿ ಸಡಿಲ ಮಾಡಿಡಲಾ?

ಅಜ್ಜಿಗೆ 86. ಅದರ ದನಿ ಇನ್ನೊಮ್ಮೆ ಕೇಳಬೇಕು ಅನ್ನುತ್ತಿದ್ದಾರೆ.