ಬರೆ (ಗುಡ್ಡದ ಇಳಿಜಾರು) ಜರಿದಿದ್ದು ದೇವರ ಶಿಕ್ಷೆನಾ? ಬೈಬಲ್ ಗೊತ್ತಿರೋರು ದಯವಿಟ್ಟು ಹೇಳಿ

ಮಾದಾಪುರದ ಹುಡುಗಿ:
ಎಲ್ರಿಗೂ ನಮಸ್ಕಾರ. ನಾವು ಕೊಡಗಿನ ಮಾದಾಪುರ ಕಡೆ ಕ್ರೈಸ್ತರು. 2018ರ ಆಗಸ್ಟಲ್ಲಿ ನನ್ ಚಿಕ್ಕಮ್ಮನ ಮನೆ ಮೇಲೆ ಬರೆ ಜರಿದು ಎಲ್ಲಾ ಹೋಯ್ತು, ಜೀವ ಉಳೀತು ಅಷ್ಟೇ. ಪಕ್ಕದ ಮನೆಯವ್ರು ಉಳೀಲಿಲ್ಲ. ಮೊನ್ನೆ ಒಂದು ಪ್ರಾರ್ಥನಾ ಕೂಟದಲ್ಲಿ ಹೊರಗಿಂದ ಬಂದಿದ್ದ ಬೋಧಕರೊಬ್ರು ಕೊಡಗು, ವಯನಾಡು ಅಂತ ಹೆಸರು ಹಿಡಿದೇ ಇದು ದೇವರ ನ್ಯಾಯತೀರ್ಪು, ಆ ಜಾಗಗಳ ಪಾಪ ತುಂಬಿ ಬಂದಿತ್ತು ಅಂತ ಹೇಳ್ಬಿಟ್ರು. ಚಿಕ್ಕಮ್ಮ ಮುಂದಿನ ಸಾಲಲ್ಲೇ ಕೂತಿದ್ರು. ಅವತ್ತಿಂದ ಸರಿಯಾಗಿ ಊಟ ಇಲ್ಲ ಮಾತಿಲ್ಲ, ನಾವೇನ್ ಪಾಪ ಮಾಡಿದ್ವಿ, ಪಕ್ಕದ ಮನೆ ಮಗು ಏನ್ ಮಾಡಿತ್ತು ಅಂತ ಕೇಳ್ತಾರೆ. ನಂಗೆ ಸಿಟ್ಟು ಬರತ್ತೆ ಆದ್ರೆ ವಾದ ಮಾಡೋಕೆ ಬರಲ್ಲ, ಯಾಕಂದ್ರೆ ನೋಹನ ಜಲಪ್ರಳಯ, ಪಾಪಕ್ಕೆ ದೇವರು ಸುಟ್ಟ ಸೊದೋಮ್ ಪಟ್ಟಣ ಎಲ್ಲಾ ಬೈಬಲಲ್ಲೇ ಇದ್ಯಲ್ಲಾ. ಏನಂತ ಹೇಳ್ಲಿ?

ಕುಶಾಲನಗರದಿಂದ:
ತಂಗಿ, ಅವ್ರು ಹೇಳಿದ ರೀತಿ ನಂಗೂ ಹಿಡಿಸ್ಲಿಲ್ಲ, ನೊಂದವರ ಮುಂದೆ ಆಡೋ ಮಾತಲ್ಲ ಅದು. ಆದ್ರೆ ವಿಷಯನೇ ಸುಳ್ಳು ಅನ್ನೋಕಾಗಲ್ಲ. ಬೈಬಲಲ್ಲಿ ಪ್ರವಾದಿ ಆಮೋಸನ ಪುಸ್ತಕ 4ನೇ ಅಧ್ಯಾಯ ಓದಿ, ಒಂದೂರಿಗೆ ಮಳೆ ಸುರಿಸಿದೆ ಇನ್ನೊಂದೂರಿಗೆ ಸುರಿಸ್ಲಿಲ್ಲ, ಆದ್ರೂ ನೀವು ನನ್ ಕಡೆ ತಿರುಗ್ಲಿಲ್ಲ ಅಂತ ದೇವರೇ ಹೇಳ್ತಾರೆ. ಅರಣ್ಯಕಾಂಡ 16ರಲ್ಲಿ ಮೋಶೆಗೆ ಎದುರು ನಿಂತ ಕೋರಹನ ಕಡೆಯವ್ರನ್ನ ಭೂಮಿನೇ ಬಾಯಿ ತೆರೆದು ನುಂಗ್ತು. ಮಳೆ, ಭೂಮಿ ದೇವರ ಕೈಲಿಲ್ಲ ಅಂದ್ರೆ ನಾವು ಪ್ರಾರ್ಥನೆ ಮಾಡೋದಾದ್ರೂ ಯಾಕೆ? ಎಲ್ಲಾ ಬರೀ ನೇಚರ್ ಅಂತ ಹೇಳಿ ಪಶ್ಚಾತ್ತಾಪದ ಮಾತನ್ನೇ ಬಿಟ್ಬಿಡೋದು ನಂಗೆ ಸರಿ ಕಾಣಲ್ಲ.

ವಿರಾಜಪೇಟೆ ಟೀಚರ್:
ದೇವರ ಕೈಲಿದೆ ಅನ್ನೋದು ಒಂದು, ಯಾವ ಮನೆ ಮೇಲೆ ಮಣ್ಣು ಬಿತ್ತೋ ಆ ಮನೆಯವ್ರು ಪಾಪಿಗಳು ಅನ್ನೋದು ಬೇರೆನೇ. ಎರಡನ್ನೂ ಒಂದೇ ಉಸಿರಲ್ಲಿ ಹೇಳ್ಬೇಡಿ. ನೀವು ಹೇಳಿದ ಪ್ರತಿ ಕಡೆನೂ ದೇವರು ಮೊದಲೇ ಬಾಯಿಬಿಟ್ಟು ಹೇಳಿದಾರೆ: ನೋಹನಿಗೆ ಮುಂಚೆನೇ ಗೊತ್ತಿತ್ತು, ಕೋರಹನ ಡೇರೆ ಹತ್ರ ಇದ್ದೋರಿಗೆ ದೂರ ಹೋಗಿ ಅಂತ ಮೋಶೆ ಎಚ್ಚರಿಕೆ ಕೊಟ್ಟ, ಸೊದೋಮಿಗೋಸ್ಕರ ಅಬ್ರಹಾಮ ಐವತ್ತರಿಂದ ಹತ್ತರವರೆಗೂ ಇಳಿಸಿ ಇಳಿಸಿ ಬೇಡ್ಕೊಂಡ. ಎಲ್ಲಾ ಮುಗಿದು ವರ್ಷಗಳಾದ ಮೇಲೆ ಮೈಕ್ ಹಿಡಿದು ಇದು ತೀರ್ಪು ಅನ್ನೋಕೆ ನಮಗೆ ಆ ಮಾತನ್ನ ಯಾರು ಕೊಟ್ರು?

ಇದೇ ಪ್ರಶ್ನೆ ಯೇಸುವಿನ ಹತ್ರನೇ ಬಂದಿತ್ತು, ಲೂಕ 13. ಸಿಲೋವದಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ರು. ಅವ್ರು ಯೆರೂಸಲೇಮಿನ ಬೇರೆ ಎಲ್ರಿಗಿಂತ ದೊಡ್ಡ ತಪ್ಪಿತಸ್ಥರು ಅಂತ ತಿಳ್ಕೊಂಡ್ರಾ, ಹಾಗಲ್ಲ ಅಂತ ನೇರವಾಗಿ ಹೇಳಿದ್ರು. ಹೇಳಿ ಅಲ್ಲಿಗೆ ಬಿಡಲಿಲ್ಲ, ನೀವೂ ತಿರುಗಿಕೊಳ್ಳದಿದ್ರೆ ನಿಮಗೂ ಹೀಗೇ ಆಗತ್ತೆ ಅಂದ್ರು. ಅಂದ್ರೆ ಪಶ್ಚಾತ್ತಾಪದ ಮಾತು ಇದೆ, ಆದ್ರೆ ಅದು ಕೇಳ್ತಾ ನಿಂತಿದ್ದೋರಿಗೆ, ಬುರುಜಿನ ಕೆಳಗೆ ಸಿಕ್ಕಿದ್ದೋರಿಗಲ್ಲ. ಆ ಕೂಟದಲ್ಲಿ ಅದನ್ನ ಬೋಧಕರು ತಮಗೂ ಸೇರಿಸಿ ಹೇಳ್ಬೇಕಿತ್ತು, ನಿಮ್ ಚಿಕ್ಕಮ್ಮನ ಮೇಲೆ ಹಾಕ್ಬಾರ್ದಿತ್ತು.

ಇನ್ನೂ ನೋಡಿ, 2004ರ ಸುನಾಮಿ ಬಂದಿದ್ದು ಕ್ರಿಸ್ಮಸ್ ಮಾರನೇ ದಿನ, ತಮಿಳುನಾಡು ಕಡಲತೀರದ ವೇಳಾಂಕಣಿ ಮಾತೆಯ ಚರ್ಚಿಗೆ ಹರಕೆ ಹೊತ್ತು ಹೋಗಿದ್ದ ಎಷ್ಟೋ ಯಾತ್ರಿಕರು ಸತ್ರು. 1755ರಲ್ಲಿ ಲಿಸ್ಬನ್ ಭೂಕಂಪ ಆಗಿದ್ದು ನವೆಂಬರ್ 1, ಸಕಲ ಸಂತರ ಹಬ್ಬ, ಜನ ಚರ್ಚಲ್ಲಿ ಪೂಜೆಗೆ ನಿಂತಿರುವಾಗ್ಲೇ ಗೋಡೆ ಬಿತ್ತು. ಭಕ್ತಿಯಿಂದ ಹೋದವ್ರೇ ಅವ್ರು. ಪಾಪದ ಲೆಕ್ಕ ಹಾಕೋರು ಇದನ್ನ ಎಲ್ಲಿಡ್ತಾರೆ?

ತೋಟದ ರೈಟರ್, ಸುಂಟಿಕೊಪ್ಪ:
ನಾನು ತೋಟದ ಲೆಕ್ಕಪತ್ರ ನೋಡೋನು, ಬೈಬಲ್ ಪಂಡಿತ ಅಲ್ಲ, ಆದ್ರೆ ಆ ಬರೆ ಹೇಗೆ ಜರೀತು ಅಂತ ಕಣ್ಣಾರೆ ನೋಡಿದೀನಿ. ಮಣ್ಣು ಒಂದೇ ಸಲ ಬೀಳಲ್ಲ. ಮೊದಲು ಮೇಲುಗಡೆ ಕಾಫಿ ಗಿಡದ ಸಾಲಲ್ಲಿ ಕೈ ಹೋಗೋವಷ್ಟು ಬಿರುಕು ಬಂತು, ಸಿಲ್ವರ್ ಓಕ್ ಮರ ಎಲ್ಲಾ ಒಂದೇ ಕಡೆ ವಾಲ್ಕೊಂಡ್ವು, ಲೈನ್ ಮನೆ (ತೋಟದ ಕೂಲಿಯವ್ರ ಸಾಲು ಮನೆ) ಹಿಂದಿನ ಗೋಡೆ ಬುಡದಲ್ಲಿ ನೀರು ಒಸರ್ತಿತ್ತು, ತಿಳಿಯಾಗಿದ್ದದ್ದು ಕೆಂಪಗಾಯ್ತು. ಅವತ್ತು ರಾತ್ರಿನೇ ಎಲ್ರನ್ನೂ ಎಬ್ಬಿಸಿ ಹೊರಡಿಸಿದ್ವಿ, ಬೆಳಗಾಗೋದ್ರೊಳಗೆ ಮೂರು ಮನೆ ಇರಲಿಲ್ಲ.

ಮಳೆ ಭಯಂಕರ ಇತ್ತು, ಅದು ನಿಜ. ಆದ್ರೆ ಆಮೇಲೆ ಬಂದು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣೆಯವ್ರೂ ಹೇಳಿದ್ದು ಅದೇ, ರಸ್ತೆಗೆ ಮನೆಗೆ ತೋಟಕ್ಕೆ ಅಂತ ಇಳಿಜಾರನ್ನ ಮನಸ್ಸಿಗೆ ಬಂದಂಗೆ ಕಡಿದಿದ್ದು, ನೀರು ಹೋಗೋ ದಾರಿ ಮುಚ್ಚಿದ್ದು. ಗುಡ್ಡದ ಬುಡಕ್ಕೆ ಜೆಸಿಬಿ ಹಾಕಿ ಸೈಟ್ ಲೆವೆಲ್ ಮಾಡ್ಸೋದು ದುಡ್ಡಿರೋರು, ಕೆಳಗೆ ಮಲಗೋರು ಲೈನ್ ಮನೆಯವ್ರು. ಮಡಿಕೇರಿಲೂ ನೋಡಿ, ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ ಬರೆ ಅಂಚಲ್ಲಿರೋದು ಕೂಲಿ ಜನ. ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಲಿ 2024ರ ಜುಲೈ 30ರ ನಡುರಾತ್ರಿ ಹೋದವ್ರಲ್ಲೂ ಎಸ್ಟೇಟ್ ಪಾಡಿಯವ್ರು, ಅಂದ್ರೆ ಅಲ್ಲಿನ ಲೈನ್ ಮನೆಯವ್ರು, ಎಷ್ಟೋ ಜನ. 2020ರಲ್ಲಿ ತಲಕಾವೇರಿ ಹತ್ರ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆನೇ ಹೋಯ್ತು, ಅವ್ರು ದಿನಾ ಪೂಜೆ ಮಾಡ್ತಿದ್ದೋರು. ಸತ್ತವರ ಧರ್ಮ ಯಾವ್ದೇ ಇರ್ಲಿ, ಅವ್ರ ಹೆಸರಿಗೆ ಪಾಪ ಅಂಟಿಸೋದು ಅನ್ಯಾಯ.

ಕುಶಾಲನಗರದಿಂದ:
ಸತ್ತವರ ಮೇಲೆ ಹಾಕೋದು ನನ್ ಉದ್ದೇಶ ಅಲ್ಲ ರೈಟರ್ರೇ. ದೇವರು ಇಂಥದ್ರಲ್ಲೂ ನಮ್ಮನ್ನ ಕರೀತಾರೆ ಅನ್ನೋದು ಮಾತ್ರ ನಾನು ಬಿಡಲ್ಲ.

ವಿರಾಜಪೇಟೆ ಟೀಚರ್:
ಅದನ್ನ ಬಿಡಿ ಅಂತ ನಾನೂ ಹೇಳ್ತಿಲ್ಲ ಅಣ್ಣ. ಆದ್ರೆ ಆಮೋಸ 4ನ್ನ ಮೊದಲನೇ ವಚನದಿಂದ ಓದಿ. ಅಲ್ಲಿ ಪ್ರವಾದಿ ಬೈಯೋದು ಬಡವರನ್ನ ಹಿಂಸಿಸಿ, ದಿಕ್ಕಿಲ್ಲದವರನ್ನ ಜಜ್ಜಿ, ಕುಡಿಯೋಕೆ ತನ್ನಿ ಅನ್ನೋ ಸಮಾರ್ಯದವ್ರನ್ನ. ರೈಟರ್ ಈಗ ಹೇಳಿದ್ದನ್ನ ಅದರ ಪಕ್ಕ ಇಟ್ಟು ನೋಡಿ. ಬರೆ ಕಡಿದವರಿಗೆ, ಕಡಿಯೋಕೆ ಬಿಟ್ಟವರಿಗೆ, ನೋಡ್ಕೊಂಡು ಸುಮ್ನಿದ್ದ ನಮಗೆ ಇದು ಕರೆ ಅಂತ ಹೇಳಿದ್ರೆ ನಾನು ಒಪ್ತೀನಿ.

ತಂಗಿ, ಚಿಕ್ಕಮ್ಮನ ಹತ್ರ ವಾದ ಬೇಡ. ಯೋಹಾನ 9 ಓದಿ ಹೇಳಿ, ಹುಟ್ಟುಕುರುಡನ್ನ ನೋಡಿ ಶಿಷ್ಯರು ಯಾರ ಪಾಪ ಅಂತ ಕೇಳಿದಾಗ ಇವನದ್ದೂ ಅಲ್ಲ, ಅಪ್ಪ ಅಮ್ಮಂದೂ ಅಲ್ಲ ಅಂದ್ರು ಯೇಸು. ಮತ್ತೆ ಅಪೊಸ್ತಲರ ಕೃತ್ಯಗಳು 11, ಬರ ಬರತ್ತೆ ಅಂತ ಗೊತ್ತಾದಾಗ ಅಂತಿಯೋಕ್ಯದ ಸಭೆಯವ್ರು ಯಾರ ಪಾಪಕ್ಕೆ ಅಂತ ಕೇಳ್ಲೇ ಇಲ್ಲ, ಕೈಲಾದಷ್ಟು ದುಡ್ಡು ಸೇರಿಸಿ ಯೂದಾಯಕ್ಕೆ ಕಳಿಸಿದ್ರು. ನಿಮ್ ಸಭೆಯ ಪಾಸ್ಟರ್‌ಗೂ ವಿಷಯ ತಿಳ್ಸಿ, ಅವ್ರೇ ಮನೆಗೆ ಬಂದು ಚಿಕ್ಕಮ್ಮನ ಹತ್ರ ಮಾತಾಡ್ಲಿ.

ಮಾದಾಪುರದ ಹುಡುಗಿ:
ತುಂಬಾ ಥ್ಯಾಂಕ್ಸ್ ಎಲ್ರಿಗೂ, ಪಾಸ್ಟರ್‌ಗೆ ಫೋನ್ ಮಾಡ್ತೀನಿ. ಟೀಚರ್, ಚಿಕ್ಕಮ್ಮ ಯೋಬನ ಪುಸ್ತಕ ಓದಿಸು ಅಂತಿದಾರೆ, ಪೂರ್ತಿ ಓದ್ಬೇಕಾ?

ವಿರಾಜಪೇಟೆ ಟೀಚರ್:
ಈಗ್ಲೇ ಪೂರ್ತಿ ಬೇಡ. 1, 2 ಮತ್ತೆ 3ನೇ ಅಧ್ಯಾಯ ಓದಿ, ಗಾಳಿ ಬಂದು ಮನೆ ಬಿದ್ದು ಮಕ್ಕಳೆಲ್ಲಾ ಸತ್ತ ಮೇಲೆ ಯೋಬ ಅತ್ತಿದ್ದು ಅಲ್ಲಿದೆ. ಆಮೇಲೆ ಸೀದಾ 42ಕ್ಕೆ ಹೋಗಿ, ನಿನ್ ಪಾಪಕ್ಕೇ ಹೀಗಾಯ್ತು ಅಂದ ಸ್ನೇಹಿತರ ಮೇಲೆ ದೇವರಿಗೆ ಕೋಪ ಬಂದಿದ್ದು 7ನೇ ವಚನ. ನಡುವಿನ ಆ ಸ್ನೇಹಿತರ ಭಾಷಣ ಅವ್ರಿಗೆ ಸ್ವಲ್ಪ ಸುಧಾರಿಸಿದ ಮೇಲೆ ಸಾಕು.